ಕರ್ಟನ್ ಆಂಟಿಯ ನೂರು ಪರ್ಸೆಂಟ್

“ಅದು ಎಸಿ ಅಲ್ಲ ಭಾವ, ಬರೀ ಫ್ಯಾನು.”

“ಫ್ಯಾನೇನು ಗಾಳಿ ಕುಡ್ಕೊಂಡು ಬದುಕುತ್ತಾ? ಅದೂ ಅದೇ ಬ್ಯಾಟರೀನೇ ತಿನ್ನೋದು. ಆಫ್ ಮಾಡು.”

“ಗಾಜಿನ ಮೇಲೆ ಮಂಜು ಕೂತ್ಕೊಳ್ಳುತ್ತೆ.”

“ಕೂತ್ಕೊಳ್ಳಲಿ, ನಾನು ಒರೆಸ್ತೀನಿ. ಇಲ್ಲದಿದ್ರೆ ನಾನು ಬಂದಿರೋದಾದ್ರೂ ಯಾತಕ್ಕೆ?”

ಕರ್ಟನ್ ಆಂಟಿ ಫ್ಯಾನ್ ಆಫ್ ಮಾಡಿದಳು. ಎರಡೇ ತಿರುವಿಗೆ ಗಾಜೆಲ್ಲ ಹಾಲು ಚೆಲ್ಲಿದ ಹಾಗಾಯಿತು. ಹಿಂದಿನ ಸೀಟಿನಿಂದ ಭಾವನ ಉದ್ದನೆಯ ಕೈ ಅವಳ ಕಿವಿ ಪಕ್ಕದಿಂದ ತೂರಿ ಬಂದು, ಮಿಕ್ಕ ಪರದೆ ಬಟ್ಟೆಯ ತುಂಡಿನಿಂದ ಗಾಜನ್ನು ಸರಸರ ಒರೆಸಿ, ಹಾವಿನ ಹಾಗೆ ವಾಪಸ್ ಹೋಯಿತು. ಮತ್ತೊಂದು ತಿರುವು, ಮತ್ತೆ ಕೈ. ನಗು ಬರುವ ದೃಶ್ಯ ಅದು, ಬೇರೆ ಯಾವ ದಿನವಾಗಿದ್ದರೂ ಆಂಟಿ ನಕ್ಕುಬಿಡುತ್ತಿದ್ದಳು, ಆದರೆ ಇವತ್ತು ಅವಳ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಡ್ಯಾಶ್‌ಬೋರ್ಡಿನ ಪುಟ್ಟ ಸ್ಕ್ರೀನಿನ ಪರ್ಸೆಂಟಿನ ಮೇಲೆ. ಗುಡ್ಡದ ಏರು ಅರ್ಧವೂ ಆಗಿಲ್ಲ, ಬ್ಯಾಟರಿ ಆಗಲೇ ಅರ್ಧಕ್ಕಿಂತ ಕೆಳಗೆ.

ಭಾವ ಹಿಂದೆ ಕೂತಿದ್ದಕ್ಕೆ ಕಾರಣವಿತ್ತು. ಮುಂದೆ ಪಕ್ಕದ ಸೀಟೇ ಇರಲಿಲ್ಲ. ಆಂಟಿ ಅದನ್ನು ಬಿಚ್ಚಿಸಿ, ಡ್ಯಾಶ್‌ಬೋರ್ಡಿನಿಂದ ಹಿಡಿದು ಹಿಂದಿನ ಸೀಟಿನ ಬೆನ್ನಿನವರೆಗೂ ಫೋಮ್ ಜೋಡಿಸಿ, ಮೇಲೆ ದಪ್ಪ ಬಟ್ಟೆಯ ಕವರ್ ಹೊಲಿದು, ಒಬ್ಬರು ಕಾಲು ಚಾಚಿ ಮಲಗುವಷ್ಟು ಹಾಸಿಗೆ ಮಾಡಿದ್ದಳು. ಪಕ್ಕದಲ್ಲಿ ಸಣ್ಣ ಆಕ್ಸಿಜನ್ ಸಿಲಿಂಡರ್ ಉರುಳದ ಹಾಗೆ ಒಂದು ಬಟ್ಟೆಯ ಜೇಬು ಕೂಡ. ಇಷ್ಟೆಲ್ಲ ಅಕ್ಕನಿಗಾಗಿ. ಗುಡ್ಡದಾಚೆಯ ಆಸ್ಪತ್ರೆಯಲ್ಲಿ ವರ್ಷಕ್ಕೂ ಮೇಲಿಂದ ಮಲಗಿರುವ ಅಕ್ಕನನ್ನು ಇವತ್ತು ಒಂದೇ ಒಂದು ರಾತ್ರಿಗೆ ಮನೆಗೆ ಕರೆತರಬಹುದು ಅಂತ ಡಾಕ್ಟರ್ ಒಪ್ಪಿದ್ದರು. ಒಂದೇ ಷರತ್ತು: ಆ ಸಣ್ಣ ಸಿಲಿಂಡರ್ ಮನೆ ಮುಟ್ಟುವವರೆಗೆ ಮಾತ್ರ ಸಾಕಾಗುತ್ತದೆ, ಮನೆಯಲ್ಲಿ ಬಾಡಿಗೆಗೆ ತಂದ ದೊಡ್ಡ ಮೆಷಿನ್ ಇದೆ, ಹಾಗಾಗಿ ದಾರಿಯಲ್ಲಿ ಎಲ್ಲೂ ನಿಲ್ಲುವ ಹಾಗಿಲ್ಲ.

ಎಲ್ಲೂ ಅಂದರೆ ಎಲ್ಲೂ. ಚಾರ್ಜಿಂಗಿಗೂ.

ಬೇರೆ ಗಾಡಿ ಇಲ್ಲವಾ ಅಂತ ಕೇಳಬಹುದು. ಕೇಳಿದ್ದರು, ಇಬ್ಬರೂ ಊರೆಲ್ಲ ಕೇಳಿದ್ದರು. ಆ್ಯಂಬುಲೆನ್ಸಿನವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಮಾತ್ರ, ಒಂದು ರಾತ್ರಿ ಮನೆ ನೋಡಿಕೊಂಡು ಬರುವುದಕ್ಕಲ್ಲ ಅಂದರು. ಟ್ಯಾಕ್ಸಿಯವರು ಮಲಗಿದ ರೋಗಿ, ಅದರ ಜೊತೆ ಸಿಲಿಂಡರ್ ಅಂದ ಕೂಡಲೇ ಫೋನ್ ಇಟ್ಟರು. ಕೊನೆಗೆ ಉಳಿದದ್ದು ಇದೇ, ಹಲ್ಲಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟಿದ್ದ, ಟೂತ್‌ಪೇಸ್ಟ್ ನೊರೆಯ ಬಣ್ಣದ, ಹಳೆಯ ಎಲೆಕ್ಟ್ರಿಕ್ ಕಾರು.

ಆಂಟಿ ಅದನ್ನು ಕೊಂಡಿದ್ದು ಪರದೆ ಸಾಗಿಸುವುದಕ್ಕೆ. ಅಕ್ಕ ತಂಗಿ ಇಬ್ಬರದೂ ಒಂದೇ ಕಸುಬು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅಕ್ಕನೇ ತಂಗಿಯನ್ನು ಬೆಳೆಸಿ, ಮೆಷಿನ್ ಮುಂದೆ ಕೂರಿಸಿ, ಹೊಲಿಗೆ ಕಲಿಸಿದ್ದು. ಗಿರಾಕಿಗಳ ಮನೆಯಲ್ಲಿ ಸ್ಟೂಲ್ ಹತ್ತಿ ಕಿಟಕಿ ಅಳೆಯುವುದು ಅಕ್ಕ, ಕೆಳಗೆ ನಿಂತು ಕೈಮೇಲೆ ಪೆನ್ನಲ್ಲಿ ಬರೆದುಕೊಳ್ಳುವುದು ತಂಗಿ. ಬೀದಿಯ ಮಕ್ಕಳಿಗೆ ದೊಡ್ಡವಳು ದೊಡ್ಡ ಕರ್ಟನ್ ಆಂಟಿ, ಚಿಕ್ಕವಳು ಬರೀ ಕರ್ಟನ್ ಆಂಟಿ. ಭಾವ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಮದುವೆಯಾದ ಮೇಲೆ ಅವರು ಅಕ್ಕನನ್ನು ಕರೆದುಕೊಂಡು ಹೋಗಲಿಲ್ಲ, ತಾವೇ ಬಂದು ಇವರ ಮೂರನೇ ಮಹಡಿಯ ಮನೆ ಸೇರಿಕೊಂಡರು. ಯಾಕೆ ಅಂತ ಯಾರಾದರೂ ಕೇಳಿದರೆ, “ಹೆಂಡ್ತೀನ ಎತ್ಕೊಂಡು ಹೋಗಬಹುದಿತ್ತು, ಆ ಹೊಲಿಗೆ ಮೆಷಿನ್ ಎತ್ತೋಕೆ ಆಗಲಿಲ್ಲ” ಅನ್ನುತ್ತಿದ್ದರು. ಹೀಗೆ ಮೂವರೂ ಒಂದೇ ಹಾಲ್‌ನಲ್ಲಿ, ಬಟ್ಟೆಯ ಥಾನುಗಳ ನಡುವೆ, ಜಗಳ ಆಡುತ್ತ, ನಗುತ್ತ ಎಷ್ಟೋ ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಒಂದು ದಿನ ಯಾರದೋ ಮನೆಯಲ್ಲಿ ಅಕ್ಕ ಸ್ಟೂಲಿನಿಂದ ಬಿದ್ದಳು, ಬೆನ್ನು ಹೋಯಿತು, ಮಲಗಿ ಮಲಗಿ ಶ್ವಾಸಕೋಶವೂ ಸೋತಿತು. ಬೆಡ್ ಸಿಕ್ಕಿದ್ದು ಗುಡ್ಡದಾಚೆ.

ಕಾರು ಮೊದಮೊದಲು ಒಳ್ಳೆಯದೇ ಇತ್ತು. ಒಂದು ಸಲ ತುಂಬಿಸಿದರೆ ಗುಡ್ಡ ದಾಟಿ ಆಸ್ಪತ್ರೆಗೆ ಹೋಗಿ, ಅಕ್ಕನ ಬೈಗುಳ ತಿಂದು, ಎಲ್ಲೂ ನಿಲ್ಲದೆ ಮನೆಗೆ ಬರುತ್ತಿತ್ತು. ಆಮೇಲೆ ಆ ಸಂಜೆ ಬಂತು. ಆಂಟಿ ಇಡೀ ದಿನ ಪರದೆ ಹಂಚಿ ಬಂದಿದ್ದಳು, ಬ್ಯಾಟರಿ ತಳ ಕಂಡಿತ್ತು, ಆಗಲೇ ಆಸ್ಪತ್ರೆಯಿಂದ ಫೋನು, ಉಸಿರು ಕಟ್ಟುತ್ತಿದೆ, ಬನ್ನಿ. ಗಾಡಿ ಪ್ಲಗ್ಗಿಗೆ ಹಾಕಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದರು, ಕಾದರು. ಹೋಗುವಷ್ಟರಲ್ಲಿ ಅಕ್ಕನ ಗಂಟಲಿಗೆ ಪೈಪ್ ಹಾಕಿ, ತೆಗೆದೂ ಆಗಿತ್ತು. ಅದೆಲ್ಲ ಆಗುವಾಗ ಅವಳು ಬಾಗಿಲನ್ನೇ ನೋಡುತ್ತಿದ್ದಳು ಅಂತ ನರ್ಸ್ ಹೇಳಿದ್ದೇ ಸಾಕಾಯಿತು. ಅವತ್ತಿನಿಂದ ಆಂಟಿಯದು ಒಂದೇ ವ್ರತ: ಗಾಡಿ ಯಾವಾಗಲೂ ನೂರಕ್ಕೆ ನೂರು ಇರಬೇಕು. ದಾರದ ಉಂಡೆ ತರಲು ಮೂಲೆ ಅಂಗಡಿಗೆ ಹೋಗಿ ಬಂದರೂ ಪ್ಲಗ್ ಚುಚ್ಚಿಬಿಡು. ಭಾವ ಅಡುಗೆಮನೆ ಕಿಟಕಿಯಿಂದ ಕೆಳಗಿನವರೆಗೂ ಪೈಪಿನೊಳಗೆ ದಪ್ಪ ವೈರ್ ಇಳಿಸಿ, ಅರ್ತ್ ಎಲ್ಲ ನೋಡಿ, ಲಿಫ್ಟಿನವರ ಅಚ್ಚುಕಟ್ಟಿನಲ್ಲಿ ಪ್ಲಗ್ ಮಾಡಿಕೊಟ್ಟರು. ವಾರವೆಲ್ಲ ಗಾಡಿ ಬಿಸಿಲಲ್ಲಿ, ಹೊಟ್ಟೆ ತುಂಬಿಕೊಂಡು, ಬಾಲ ಕಟ್ಟಿಕೊಂಡು ನಿಂತಿರುತ್ತಿತ್ತು.

ಎರಡು ಬೇಸಿಗೆ ಹೀಗೆ ಕಳೆಯಿತು. ಮೊದಲು ವಾಪಸ್ ಬರುವಾಗ ಗುಡ್ಡದ ತುದಿಯಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಮಾಡಬೇಕಾಯಿತು. ಆಮೇಲೆ ಹೋಗುವಾಗಲೂ.

ಗುಡ್ಡದ ತುದಿ ಅಂದರೆ ಜನ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವ ಜಾಗ. ಅಲ್ಲೊಂದು ಟೀ ಅಂಗಡಿ, ಒಂದು ಬೀಗ ಹಾಕಿದ ಟಾಯ್ಲೆಟ್, ಎರಡು ಗನ್ನಿನ, ಅಂದರೆ ಗಾಡಿಗೆ ಚುಚ್ಚುವ ಎರಡು ಹಿಡಿಗಳ, ಒಂದು ಚಾರ್ಜರ್. ಒಂದು ಗನ್ನಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ್ದಾರೆ, ಯಾವ ಕಾಲದಿಂದಲೋ. ಇನ್ನೊಂದರಲ್ಲಿ ಇವತ್ತು ಒಬ್ಬ ಟ್ಯಾಕ್ಸಿಯವನು ಚಾರ್ಜ್ ಮಾಡಿಕೊಳ್ಳುತ್ತಿದ್ದ. ಇವರು ಬಂದದ್ದು ನೋಡಿ, “ಇನ್ನೇನು ಆಯ್ತಮ್ಮ, ಎಂಬತ್ತಕ್ಕೆ ತೆಗೆದುಬಿಡ್ತೀನಿ” ಅಂದ.

“ಪಾಪ, ನಮಗೋಸ್ಕರ ಅರ್ಧಕ್ಕೆ ಬಿಡಬೇಡಪ್ಪ,” ಅಂದಳು ಆಂಟಿ.

“ನಿಮಗೋಸ್ಕರ ಅಲ್ಲ, ಗಾಡಿಗೋಸ್ಕರ. ದಿನಾ ಕುತ್ತಿಗೆವರೆಗೂ ತುಂಬಿಸಿದ್ರೆ ಬ್ಯಾಟರಿ ಬೇಗ ಸೊರಗುತ್ತೆ. ಅದರಲ್ಲೂ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ್ರಂತೂ ಮುಗೀತು ಕಥೆ.” ಅವನು ಗನ್ ಎಳೆದು ಅದರ ಜಾಗಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡ. ಒಳಗಿನ ಹಾಸಿಗೆ ನೋಡಿ, “ಏನಮ್ಮ, ಟೂರಾ?” ಅಂದ.

“ಹೂಂ ಕಣಪ್ಪ, ಟೂರೇ,” ಅಂದರು ಭಾವ.

ಅವನು ಹೊರಟುಹೋದ. ಆಂಟಿ ಗನ್ ಚುಚ್ಚಿದಳು. ಮೆಷಿನ್ ಗುಂಯ್ ಅಂತ ಶುರುವಾಯಿತು. ಎರಡು ಬೇಸಿಗೆ ಗಾಡಿಯನ್ನು ಅಕ್ಕನ ಹೆಸರಲ್ಲಿ ತುಂಬಿಸಿ ತುಂಬಿಸಿ ಇಟ್ಟಿದ್ದು ಇವರೇ.

“ಅವನಿಗೇನು ಗೊತ್ತು ಬಿಡು,” ಅಂದರು ಭಾವ.

“ದಿನಾ ಓಡಿಸೋನು ಭಾವ.”

“ಸರಿ, ಗೊತ್ತು ಅಂತಾನೇ ಇಟ್ಕೋ. ಇವತ್ತಿನ ಲೆಕ್ಕ ಕೇಳು. ಹೋದ ವಾರ ಇಲ್ಲಿಂದ ಇಳಿಯುವಾಗ ಎಷ್ಟು ವಾಪಸ್ ಬಂತು?”

ಇಳಿಜಾರಲ್ಲಿ ಈ ಗಾಡಿಗಳು ಚಕ್ರದ ಓಟದಿಂದಲೇ ಸ್ವಲ್ಪ ಕರೆಂಟ್ ಮಾಡಿಕೊಂಡು ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ಅದು ಭಾವನಿಗೆ ಬಹಳ ಇಷ್ಟವಾದ ವಿಷಯ. ಲಿಫ್ಟೂ ಹಾಗೇ, ಹತ್ತುವಾಗ ತಿಂದದ್ದನ್ನು ಇಳಿಯುವಾಗ ಕಕ್ಕಲೇಬೇಕು ಅನ್ನುವುದು ಅವರ ಸಿದ್ಧಾಂತ.

“ಹತ್ತು ಪರ್ಸೆಂಟ್ ಬಂತು,” ಅಂದಳು ಆಂಟಿ.

“ಹಾಂ. ಇವತ್ತು ಇಲ್ಲಿ ನೂರಕ್ಕೆ ನೂರು ತುಂಬಿಸ್ತೀವಿ. ಮೇಲಿಂದ ಇಳಿಜಾರಿನ ಹತ್ತು. ಕೆಳಗಿನ ಬಯಲು ರಸ್ತೆ ಆ ಹತ್ತರಲ್ಲೇ ದಾಟಿಬಿಡುತ್ತೆ. ಆಸ್ಪತ್ರೆಯಲ್ಲಿ ಅವಳನ್ನ ಹತ್ತಿಸಿಕೊಳ್ಳುವಾಗ ಹೆಚ್ಚುಕಡಿಮೆ ನೂರು ಇರುತ್ತೆ. ನೂರಿದ್ರೆ ಮನೆ ಮುಟ್ಟುತ್ತೆ, ಬೆಳಿಗ್ಗೆ ಬಂದ ದಾರಿ ನೋಡಿದ್ರೆ ತಳ ಕಾಣುತ್ತೆ, ಆದ್ರೂ ಮುಟ್ಟುತ್ತೆ. ಸರೀನಾ?”

ಸರಿ ಅನ್ನಿಸಿತು. ಎಷ್ಟು ಸರಿ ಅನ್ನಿಸಿತೆಂದರೆ ಆಂಟಿ ಹೋಗಿ ಎರಡು ಟೀ ತಂದಳು. ಎಂಬತ್ತು ದಾಟಿದ ಮೇಲೆ ಮೆಷಿನ್ ಆಮೆಯಾಯಿತು. ಹಿಂದೆ ಇನ್ನೊಂದು ಕಾರು ಬಂದು ನಿಂತಿತು, ಅದರೊಳಗಿನ ಹೆಂಗಸು ಎರಡು ಸಲ ಇಳಿದು ಬಂದು ಪರ್ಸೆಂಟ್ ನೋಡಿ ಹೋದಳು, ಮೂರನೇ ಸಲ, “ಮೇಡಂ, ಮನೆ ಕಟ್ಟಿಸ್ತಿದ್ದೀರಾ ಇಲ್ಲೇ?” ಅಂದಳು. ಭಾವ ಗನ್ನಿಗೆ ಅಡ್ಡ ನಿಂತು, “ಇನ್ನೊಂಚೂರು ತಾಯಿ, ನಮ್ಮದೊಂದು ಕಷ್ಟ ಇದೆ” ಅಂದರು. ಅವಳು ಏನೂ ಕೇಳದೆ ಹೋಗಿ ಕೂತಳು. ನೂರು ಅಂತ ಬಂದಾಗ ಭಾವ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಇಳಿಜಾರು ಶುರುವಾಯಿತು.

ಆಂಟಿ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಮಾಮೂಲಿಯಾಗಿ ಇಲ್ಲಿ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಧಾನವಾಗುತ್ತದೆ, ಸ್ಕ್ರೀನಿನ ಮೇಲೆ ಹಸಿರು ಬಾಣ ಹೊತ್ತಿಕೊಳ್ಳುತ್ತದೆ, ಪರ್ಸೆಂಟ್ ಏರುತ್ತದೆ. ಇವತ್ತು ಗಾಡಿ ಸುಮ್ಮನೆ ಜಾರಿತು. ಲಗಾಮು ಕಿತ್ತ ಕುದುರೆಯ ಹಾಗೆ. ಆಂಟಿ ಬ್ರೇಕ್ ಒತ್ತಿದಳು, ಇನ್ನೊಂದು ತಿರುವು, ಮತ್ತೆ ಬ್ರೇಕ್, ಸುಟ್ಟ ವಾಸನೆ ಬಂತು.

“ಬಾಣ ಬರ್ತಿಲ್ಲ ಭಾವ.”

“ಬರುತ್ತೆ, ಬರುತ್ತೆ. ಇನ್ನೂ ಸ್ವಲ್ಪ ಇಳಿ.”

ಇಳಿದರು. ಬಾಣ ಬರಲಿಲ್ಲ. ನೂರು ನೂರೇ ಇತ್ತು. ನಾಲ್ಕೈದು ತಿರುವಿನ ಮೇಲೆ ಆಂಟಿಗೆ ಹೊಳೆಯಿತು, ಎಷ್ಟು ಸುಲಭವಾಗಿ ಹೊಳೆಯಿತೆಂದರೆ ಅಳು ಬಂತು. ತುಂಬಿದ ಕೊಡ. ಮೇಲೆ ಸುರಿದರೆ ಎಲ್ಲಿ ಹೋಗುತ್ತದೆ? ಹೋದ ವಾರ ಹತ್ತು ಬಂದಿತ್ತು ಯಾಕೆಂದರೆ ಹೋದ ವಾರ ಜಾಗ ಇತ್ತು. ಇವತ್ತು ಜಾಗವೇ ಇಲ್ಲ. ಇಡೀ ಗುಡ್ಡ ಕೊಡುವುದಕ್ಕೆ ತಯಾರಾಗಿ ನಿಂತಿದೆ, ಇಸಿದುಕೊಳ್ಳುವುದಕ್ಕೆ ಇವರ ಬಳಿ ಪಾತ್ರೆ ಇಲ್ಲ.

“ನೂರರ ಮೇಲೆ ಹತ್ತು ಇರಲ್ಲ ಭಾವ,” ಅಂದಳು.

ಕನ್ನಡಿಯಲ್ಲಿ ಭಾವ ಖಾಲಿ ಹಾಸಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದು ಕಂಡಿತು. “ಲಿಫ್ಟಲ್ಲಿ ಹಾಗಲ್ಲ,” ಅಂದರು ಆಮೇಲೆ, ಅಷ್ಟೇ.

ಬಯಲು ರಸ್ತೆ ಉದ್ದಕ್ಕೆ ಮಲಗಿತ್ತು. ಎಷ್ಟು ನಿಧಾನ ಹೋದರೂ ಪರ್ಸೆಂಟ್ ಒಂದೊಂದೇ ಉದುರಿತು. ಹಿಂದೆ ಲಾರಿಗಳು ಹಾರ್ನ್ ಹೊಡೆದು ಹೊಡೆದು ಮುಂದೆ ಹೋದವು. ಆಸ್ಪತ್ರೆಯ ಗೇಟ್ ಹತ್ತಿರ ಬರುವಷ್ಟರಲ್ಲಿ ತೊಂಬತ್ತು. ತೊಂಬತ್ತು ಬೇರೆ ಯಾರಿಗಾದರೂ ಒಳ್ಳೆಯ ಮಾರ್ಕ್ಸು. ಇವರಿಗೆ ಅದು ಗುಡ್ಡ ಹತ್ತಿಸಿ, ಆಚೆ ಇಳಿಸಿ, ಊರ ಹೊರಗಿನ ಯಾವುದೋ ಕಂಬದ ಬಳಿ ಕೈಬಿಡುವ ನಂಬರು. ಆಸ್ಪತ್ರೆಯಿದ್ದ ಊರಲ್ಲಿ ಒಂದೂ ಚಾರ್ಜರ್ ಇರಲಿಲ್ಲ. ಆಸ್ಪತ್ರೆಯ ಗೋಡೆಯ ಪ್ಲಗ್‌ಗಳು ರೋಗಿಗಳ ಮೆಷಿನ್‌ಗಳಿಗೆ, ಕಾರಿಗಲ್ಲ ಅಂತ ಗೇಟಿನವನು ಹಿಂದೆಯೇ ಹೇಳಿದ್ದ. ಅವನದೂ ತಪ್ಪಲ್ಲ.

“ಹೋಗಿಬಿಡೋಣ,” ಅಂದರು ಭಾವ ಕಾರಿನಿಂದ ಇಳಿಯದೆ. “ಫ್ಯಾನಿಲ್ಲ, ಲೈಟಿಲ್ಲ, ಮೆಲ್ಲಗೆ. ಮುಟ್ಟಿದ್ರೂ ಮುಟ್ಟಬಹುದು.”

“ಮುಟ್ಟದಿದ್ರೆ?”

“ಮೇಲೆ ಮತ್ತೆ ಚಾರ್ಜ್ ಮಾಡೋಣ, ಸ್ವಲ್ಪ.”

“ಗನ್ನಲ್ಲಿ ಯಾರಾದ್ರೂ ಇದ್ರೆ? ಸಿಲಿಂಡರ್ ಮುಗಿದ್ರೆ? ಭಾವ, ಅವತ್ತು ಮೆಟ್ಟಿಲ ಮೇಲೆ ಕೂತಿದ್ವಲ್ಲ, ಹಾಗೆ ಕೂತ್ಕೊಳ್ಳೋಕೆ ನನ್ನಿಂದ ಆಗಲ್ಲ. ಅವಳು ಪಕ್ಕದಲ್ಲಿ ಮಲಗಿರ್ತಾಳೆ.”

ಭಾವ ಗಾಜು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ಬಿಡಿಸಿದರು. ಮತ್ತೆ ಮಡಿಚಿದರು. “ನೀನೇ ಹೇಳು ಅವಳಿಗೆ,” ಅಂದರು. “ನನಗೆ ಬಾಯಿ ಬರಲ್ಲ.”

ಅಕ್ಕ ತಯಾರಾಗಿದ್ದಳು. ಅದೇ ಕಷ್ಟವಾಗಿದ್ದು. ತಲೆ ಬಾಚಿ, ನೀಲಿ ಸ್ವೆಟರ್ ತೊಟ್ಟು, ಮೂಗಿನ ಪೈಪನ್ನು ಕಿವಿ ಹಿಂದೆ ಸರಿಮಾಡಿಕೊಂಡು, ಎತ್ತಿದ ದಿಂಬಿಗೆ ಒರಗಿದ್ದಳು. ತೊಡೆಯ ಮೇಲೆ ಚೀಲ. ಚೀಲದ ಜಿಪ್ ಕೂಡ ಹಾಕಿತ್ತು.

“ಇಷ್ಟು ಹೊತ್ತಾ? ಮದುವೆ ದಿಬ್ಬಣಾನೂ ಇದಕ್ಕಿಂತ ಬೇಗ ಬರುತ್ತೆ,” ಅಂದಳು. ಆಮೇಲೆ ತಂಗಿಯ ಮುಖ ನೋಡಿದಳು. “ಎಷ್ಟು ಉಳಿದಿದೆ?”

“ತೊಂಬತ್ತು.”

“ಬೇಕಾಗಿದ್ದು?”

ಆಂಟಿ ಹೇಳಬೇಕಾಗಿರಲಿಲ್ಲ. ಪ್ರತಿ ವಾರ ಇವರು ಬಂದು ಮಾತಾಡುತ್ತಿದ್ದದ್ದೇ ಪರ್ಸೆಂಟಿನ ವಿಷಯ. ಮಲಗಿದಲ್ಲೇ ಅಕ್ಕನಿಗೆ ಆ ರಸ್ತೆಯ ಒಂದೊಂದು ಏರೂ ಬಾಯಿಪಾಠ ಆಗಿತ್ತು.

“ಮೇಲಿನ ಗನ್ನು ಕೆಟ್ಟಿತ್ತಾ?”

“ಇಲ್ಲ. ನೂರು ತುಂಬಿಸಿದ್ವಿ. ತುಂಬಿಸಿದ್ದರಿಂದ ಇಳಿಜಾರಿಂದು ಒಳಗೆ ಹೋಗಲಿಲ್ಲ ಅಕ್ಕ. ಲೆಕ್ಕ ತಪ್ಪಿತು.”

“ಯಾರ ಲೆಕ್ಕ?”

“ನಂದು,” ಅಂದರು ಭಾವ ಬಾಗಿಲ ಬಳಿಯಿಂದ.

“ಮತ್ತೆ ಸರಿ,” ಅಂದಳು ಅಕ್ಕ. “ಮೂವತ್ತು ವರ್ಷದಿಂದ ಹೇಳ್ತಿದ್ದೀನಿ, ನಿಮ್ಮ ಕೈಗೆ ಲೆಕ್ಕ ಕೊಡಬಾರದು ಅಂತ. ಅಲ್ಲೇ ಯಾಕ್ರೀ ನಿಂತಿದ್ದೀರಾ, ಬಾಡಿಗೆ ವಸೂಲಿಗೆ ಬಂದ ಹಾಗೆ? ಬನ್ನಿ ಒಳಗೆ.”

ಭಾವ ಬಂದು ಮಂಚದ ತುದಿಯಲ್ಲಿ ಕೂತರು. ಅಕ್ಕ ಚೀಲವನ್ನು ತೊಡೆಯಿಂದ ಪಕ್ಕಕ್ಕೆ ಸರಿಸಿದಳು. ಸರಿಸಿದ ಮೇಲೂ ಅದರ ಹಿಡಿಯನ್ನು ಬಿಡಲಿಲ್ಲ.

ಅಷ್ಟರಲ್ಲಿ ನರ್ಸ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು, ವಿಷಯ ಕೇಳಿ, ಕುರ್ಚಿಯನ್ನು ಗೋಡೆಗೆ ಆನಿಸಿ ನಿಂತಳು. “ಮುಂದಿನ ವಾರಕ್ಕೆ ಇದೇ ಪರ್ಮಿಶನ್ ನಡೆಯುತ್ತಾ?” ಅಂತ ಆಂಟಿ ಕೇಳಿದಳು. ನರ್ಸ್ ಅಕ್ಕನನ್ನು ನೋಡಿ, ಆಮೇಲೆ ಆಂಟಿಯನ್ನು ಕಾರಿಡಾರಿಗೆ ಕರೆದು, ತಗ್ಗಿದ ದನಿಯಲ್ಲಿ ಹೇಳಿದಳು. ಈ ವಾರ ಉಸಿರಿನ ಮಟ್ಟ ಸ್ವಲ್ಪ ಚೆನ್ನಾಗಿತ್ತು, ಅದಕ್ಕೇ ಡಾಕ್ಟರ್ ಬಿಟ್ಟಿದ್ದರು. ನಿನ್ನೆ ಸಂಜೆಯಿಂದ ಅದೂ ಇಳಿಯುತ್ತಿದೆ. ಆದರೂ ನಿಮ್ಮಕ್ಕ ರಾತ್ರಿಯೆಲ್ಲ ಹೋಗ್ತೀನಿ ಹೋಗ್ತೀನಿ ಅಂತಿದ್ದರಲ್ಲ, ತಡೆಯಲು ಯಾರಿಗೂ ಮನಸ್ಸಾಗಲಿಲ್ಲ. “ಇನ್ನೊಂದು ಸಲ ಕೊಡಲ್ಲ ಅನ್ಸುತ್ತೆ ಮೇಡಂ.”

ಆಂಟಿ ಒಳಗೆ ಬಂದಾಗ ಅಕ್ಕ, “ಏನಂತೆ?” ಅನ್ನಲಿಲ್ಲ.

“ಆ ಹಾಸಿಗೆ ಹೇಗೆ ಬಂತು?” ಅಂದಳು.

“ಚೆನ್ನಾಗಿ ಬಂತು. ನೋಡ್ತೀಯಾ? ಕುರ್ಚೀಲಿ ಕೆಳಗೆ ಕರ್ಕೊಂಡು ಹೋಗ್ತೀನಿ, ಒಂದೈದು ನಿಮಿಷ ಮಲಗಿ ನೋಡು.”

“ಬೇಡ ಕಣೆ. ಮಲಗಿದ್ರೆ ಏಳಕ್ಕೆ ಮನಸ್ಸಾಗಲ್ಲ.”

ಭಾವ ಅಕ್ಕನ ಸ್ವೆಟರಿನ ತೋಳಿನ ಮೇಲಿದ್ದ ಕೂದಲೊಂದನ್ನು ತೆಗೆದರು, ಎಲ್ಲಿ ಹಾಕಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡರು. ಎದುರಿನ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಮಂಚದ ಮೇಲೆ ಬೀಳುತ್ತಿತ್ತು, ಅಕ್ಕ ಒಂದು ಕಣ್ಣು ಕಿರಿದು ಮಾಡಿಕೊಂಡಿದ್ದಳು.

“ಟೇಪ್ ಇದೆಯಾ?” ಅಂದಳು.

ಆಂಟಿಯ ಬ್ಯಾಗಿನಲ್ಲಿ ಟೇಪ್ ಇಲ್ಲದ ದಿನವೇ ಇಲ್ಲ. “ಯಾಕೆ?”

“ಈ ಬಿಸಿಲು ದಿನಾ ಹೀಗೇ ಮುಖಕ್ಕೆ ಹೊಡೆಯುತ್ತೆ. ನಾಳೆ ಹೋಗ್ತೀನಿ, ನಾಡಿದ್ದು ಹೋಗ್ತೀನಿ ಅಂತ ಇಷ್ಟು ದಿನ ಸುಮ್ಮನಿದ್ದೆ. ಇಲ್ಲೇ ಇರೋದು ಅಂದ ಮೇಲೆ ಒಂದು ಪರದೆ ಆದ್ರೂ ಇರಲಿ. ಸ್ಟೂಲ್ ಹತ್ತು, ಅಳತೆ ತಗೋ.”

ಆಂಟಿ ಬ್ಯಾಗಿನಿಂದ ಟೇಪ್ ತೆಗೆದು, ಕೈಯಲ್ಲೇ ಹಿಡಿದು ನಿಂತಳು.

“ಹತ್ತೇ. ಕಾಸು ಕೊಡದ ಗಿರಾಕಿ ಅಂತ ಸೋಮಾರಿತನಾನಾ?”

ನರ್ಸ್ ಎಲ್ಲಿಂದಲೋ ಸ್ಟೂಲ್ ತಂದುಕೊಟ್ಟಳು. ಭಾವ ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದರು. ಆಂಟಿ ಹತ್ತಿದಳು. ಸ್ಟೂಲಿನ ಮೇಲೆ ನಿಲ್ಲುವುದು ಯಾವತ್ತೂ ಅವಳ ಕೆಲಸವಾಗಿರಲಿಲ್ಲ. ಟೇಪ್ ಒಂದು ಸಲ ಜಾರಿತು.

“ಚೌಕಟ್ಟಿಂದ ಅಲ್ಲ, ಗೋಡೆಯಿಂದ ಹಿಡಿ. ಎರಡೂ ಕಡೆ ಒಂದೊಂದು ಗೇಣು ಹೆಚ್ಚಿಗೆ ಬಿಡು, ಇಲ್ಲದಿದ್ರೆ ಸಂದೀಲಿ ಬೆಳಕು ನುಗ್ಗುತ್ತೆ. ಎಷ್ಟು ಬಂತು?”

ಆಂಟಿ ಹೇಳಿದಳು. ಅಕ್ಕ ಮೇಜಿನ ಮೇಲಿದ್ದ ಪೆನ್ ತೆಗೆದುಕೊಂಡು ತನ್ನ ಸೊರಗಿದ ಅಂಗೈ ಮೇಲೆ ಬರೆದುಕೊಂಡಳು. ಉದ್ದವನ್ನು ಆಂಟಿ ಎರಡು ಸಲ ಹೇಳಬೇಕಾಯಿತು.

“ಯಾವ ಬಟ್ಟೆ?” ಅಂತ ಕೇಳಿದಳು, ಇಳಿದು ಬಂದು.

“ದಪ್ಪದ್ದು. ಬಣ್ಣ ಯಾವುದಾದ್ರೂ ಆಗುತ್ತೆ. ಬಿಳಿ ಮಾತ್ರ ಬೇಡ, ಇಲ್ಲಿ ಎಲ್ಲಾ ಬಿಳೀನೇ.”

“ರಾಡೂ ನಾವೇ ತರಬೇಕು,” ಅಂದರು ಭಾವ. “ಇಷ್ಟುದ್ದದ ರಾಡು…” ಅಂದವರು ಅಲ್ಲಿಗೇ ನಿಲ್ಲಿಸಿದರು.

ಆಂಟಿಗೂ ಅದೇ ಹೊತ್ತಿಗೆ ಹೊಳೆದಿತ್ತು. ಅಷ್ಟುದ್ದದ ರಾಡ್ ಆ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹಿಂದಿನ ಗಾಜಿನವರೆಗೆ ಓರೆಯಾಗಿ ಮಲಗಿಸಿದರೆ ಮಾತ್ರ ಹಿಡಿಸುತ್ತದೆ. ಹಾಸಿಗೆ ಇದ್ದರೆ ಹಿಡಿಸುವುದಿಲ್ಲ.

“ತೆಗೆದುಬಿಡಿ,” ಅಂದಳು ಅಕ್ಕ, ಇಬ್ಬರನ್ನೂ ನೋಡದೆ. “ಆ ಫೋಮ್ ಯಾರಿಗಾದ್ರೂ ಸೋಫಾಕ್ಕೆ ಆಗುತ್ತೆ.”

ನರ್ಸ್ ಸ್ಟೂಲ್ ತೆಗೆದುಕೊಂಡು ಹೋದಳು. ಆಂಟಿ ಚೀಲದ ಜಿಪ್ ತೆಗೆದು, ಒಳಗಿದ್ದ ಬಾಚಣಿಗೆ, ಟವೆಲ್, ಮಾತ್ರೆಯ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಅಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು, ಬಿಸಿಲಿಗೋ ಏನೋ.

“ಈಗ ಹೊರಡಿ. ಗುಡ್ಡದ ಮೇಲೆ ಮತ್ತೆ ಕಾಯಬೇಕಲ್ಲ ನೀವು,” ಅಂದಳು. “ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಬರ್ತೀರಾ?”

“ಬೆಳಿಗ್ಗೆ ಬೇಗ ಹೊರಡ್ತೀವಿ,” ಅಂದಳು ಆಂಟಿ. “ಹತ್ತು ಗಂಟೆಗೆಲ್ಲ ಇಲ್ಲಿರ್ತೀವಿ. ಭಾವ ಡ್ರಿಲ್ ತರ್ತಾರೆ.”

“ಡ್ರಿಲ್ ಮಾಡೋಕೆ ಆಸ್ಪತ್ರೆಯವರನ್ನ ಇವತ್ತೇ ಕೇಳಿ ಹೋಗಿ. ಆಮೇಲೆ ಅಷ್ಟು ದೂರ ಬಂದು ಗೋಡೆ ಮುಟ್ಟಬೇಡಿ ಅಂದ್ರೆ?”

“ಕೇಳ್ತೀನಿ,” ಅಂದರು ಭಾವ, ಮತ್ತು ಕೇಳುವುದಕ್ಕೆ ಎದ್ದು ಹೋದರು.